ಮನೆಯಿಂದಲೇ ಜೀನ್ಸ್ ಲೇಬಲ್ ಡಿಸೈನ್ ಮಾಡ್ತೀನಿ, ಯಾವ ನೋಂದಣಿ ಮೊದಲು ಮಾಡಿಸಬೇಕು?

ಪ್ರಶ್ನೆ: ಕೌಲ್‌ಬಜಾರ್ ಲೇಬಲ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವಳು. ನಮ್ಮೂರಿನ ಜೀನ್ಸ್ ಯುನಿಟ್‌ಗಳಿಗೆ ಲೇಬಲ್, ಟ್ಯಾಗ್, ಪ್ಯಾಂಟಿನ ಹಿಂದೆ ಸೊಂಟದ ಪಟ್ಟಿ ಮೇಲೆ ಹೊಲಿಯುವ ಪ್ಯಾಚ್, ಇವುಗಳ ಡಿಸೈನ್ ಮಾಡಿಕೊಡುತ್ತೇನೆ. ಮನೆಯಲ್ಲೇ ಕೆಲಸ. ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್ ಅಷ್ಟೇ. ವರ್ಷಕ್ಕೆ ನಾಲ್ಕೂವರೆ ಲಕ್ಷದ ಆಸುಪಾಸು ಬರುತ್ತದೆ. ಇಲ್ಲಿಯವರೆಗೆ ಯುನಿಟ್ ಓನರ್‌ಗಳು ಕೈಗೆ ಕೊಡುತ್ತಿದ್ದರು, ಇಲ್ಲಾ ಫೋನ್‌ಪೇ ಮಾಡುತ್ತಿದ್ದರು. ಬಿಲ್ ಅಂತ ಯಾರೂ ಕೇಳಿರಲಿಲ್ಲ.

ಈಗ ಬೆಂಗಳೂರಿನ ಒಂದು ಬಟ್ಟೆ ಕಂಪನಿಯವರು ವರ್ಷಪೂರ್ತಿ ಕೆಲಸ ಕೊಡುತ್ತೇವೆ ಅಂದಿದ್ದಾರೆ. ಒಂದು ಫಾರಂ ಕಳಿಸಿದ್ದಾರೆ. ಅದರಲ್ಲಿ ಪ್ಯಾನ್, ಜಿಎಸ್‌ಟಿ ನಂಬರ್, ಎಂಎಸ್‌ಎಂಇ ನಂಬರ್, ಕರೆಂಟ್ ಅಕೌಂಟ್ ಎಲ್ಲಾ ಕೇಳಿದ್ದಾರೆ. ನನ್ನ ಹತ್ತಿರ ಪ್ಯಾನ್ ಬಿಟ್ಟರೆ ಬೇರೆ ಏನೂ ಇಲ್ಲ. ದುಬೈನಲ್ಲಿ ಅಂಗಡಿ ಇಟ್ಟಿರುವ ಒಬ್ಬರೂ ಮೂರು ಬ್ರ್ಯಾಂಡ್‌ಗೆ ಡಿಸೈನ್ ಕೇಳುತ್ತಿದ್ದಾರೆ.

ಇಲ್ಲೊಬ್ಬ ಏಜೆಂಟ್ "ಕಂಪನಿ ರಿಜಿಸ್ಟರ್, ಜಿಎಸ್‌ಟಿ, ಲೈಸೆನ್ಸ್ ಎಲ್ಲಾ ಸೇರಿ 15 ಸಾವಿರ ಕೊಡಿ, ಒಂದು ವಾರದಲ್ಲಿ ಮಾಡಿಕೊಡ್ತೀನಿ" ಅಂತಿದ್ದಾನೆ. ಅಪ್ಪ ಕೊಟ್ಟುಬಿಡು ಅನ್ನುತ್ತಾರೆ. ಇಷ್ಟೆಲ್ಲಾ ನನಗೆ ನಿಜವಾಗಿ ಬೇಕಾ? ಬೇಕಿದ್ದರೆ ಯಾವುದು ಮೊದಲು? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ: ಸಿರುಗುಪ್ಪ ರೈತನ ಮಗ

ಮೇಡಂ, ಜಿಎಸ್‌ಟಿ ಇಲ್ಲದೆ ಹೊರಗಿನವರಿಗೆ ಬಿಲ್ ಹಾಕಲು ಆಗೋದಿಲ್ಲ. ಅದರಲ್ಲೂ ಬೇರೆ ರಾಜ್ಯ, ಬೇರೆ ದೇಶ ಅಂದರೆ ಒಂದು ರೂಪಾಯಿ ವ್ಯವಹಾರಕ್ಕೂ ಜಿಎಸ್‌ಟಿ ಕಡ್ಡಾಯ. ನಮ್ಮ ಮಾವ ಮೆಣಸಿನಕಾಯಿ ವ್ಯಾಪಾರದಲ್ಲಿ ಹಾಗೇ ಮಾಡಿಸಿದ್ದು. ಮೊದಲು ಅದನ್ನೇ ಮಾಡಿಸಿ.

ಉತ್ತರ: ಗಂಗಾವತಿ ಚೀಲ

ತಂಗಿ, ಮೊದಲನೇ ಮಾತು, ಆ ಏಜೆಂಟ್‌ಗೆ ಒಂದು ರೂಪಾಯಿಯೂ ಕೊಡಬೇಡಿ. ನಿಮಗೆ ಈಗ ಬೇಕಾಗಿರುವ ಕಾಗದಕ್ಕೆ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ.

ನಾನು ಗಂಗಾವತಿಯಲ್ಲಿ ಅಕ್ಕಿ ಚೀಲದ ಡಿಸೈನ್ ಮಾಡುವವನು. ಇಲ್ಲಿ ರೈಸ್ ಮಿಲ್ಲುಗಳಿಗೆ ಬರವಿಲ್ಲ. ಒಂದೊಂದು ಮಿಲ್ಲಿಗೂ ನಾಲ್ಕೈದು ಬ್ರ್ಯಾಂಡು. ಒಬ್ಬರಿಗೆ ನವಿಲು ಬೇಕು, ಒಬ್ಬರಿಗೆ ಕಮಲ, ಇನ್ನೊಬ್ಬರಿಗೆ ಮಗಳ ಹೆಸರೇ ದೊಡ್ಡದಾಗಿ ಬರಬೇಕು. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ 5% ಜಿಎಸ್‌ಟಿ ಬಂತಲ್ಲ, ಆಗ ಮಿಲ್ಲಿನವರು 26 ಕೆಜಿ ಚೀಲಕ್ಕೆ ಹೊರಳಿದರು. ಎಲ್ಲರ ಚೀಲದ ಮೇಲೂ ಅಂಕಿ ಬದಲಾಗಬೇಕು, ಅದೂ ಕೂಡಲೇ. ನಿದ್ದೆಗೆಟ್ಟು ಕೆಲಸ ಮಾಡಿದೆ. ಚೀಲಗಳು ಬಜಾರಿಗೆ ಬಂದವು. ಹಣ ಮಾತ್ರ ಹಲವರಿಂದ ಬರಲಿಲ್ಲ. ನಮ್ಮಂಥವರಿಗೆ ನೋಂದಣಿಯ ಬೆಲೆ ಏನು ಅಂತ ನನಗೆ ಗೊತ್ತಾಗಿದ್ದು ಆ ಬಾಕಿ ಕೇಳಿಕೊಂಡು ಓಡಾಡುವಾಗಲೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ದುಡಿದ ಹಣ ಕೈಗೆ ಬರಲು ಸಹಾಯ ಮಾಡುವ ಕಾಗದ ಮೊದಲು. ಉಳಿದದ್ದು ಬೇಕಾದಾಗ.

"ಕಂಪನಿ ರಿಜಿಸ್ಟರ್" ನಿಮಗೆ ಬೇಡವೇ ಬೇಡ. ಒಬ್ಬರೇ ನಿಮ್ಮ ಹೆಸರಲ್ಲಿ ಕೆಲಸ ಮಾಡಿದರೆ ಅದು ಪ್ರೊಪ್ರೈಟರ್‌ಶಿಪ್. ಅದಕ್ಕೆ ಅಂತ ಬೇರೆ ನೋಂದಣಿ ಇಲ್ಲ. ನಿಮ್ಮ ಪ್ಯಾನೇ ನಿಮ್ಮ ಉದ್ಯೋಗದ ಪ್ಯಾನ್. ಪ್ರೈವೇಟ್ ಲಿಮಿಟೆಡ್ ಮಾಡಿದರೆ ಕೆಲಸ ಇರಲಿ ಬಿಡಲಿ, ಪ್ರತಿ ವರ್ಷ ಆಡಿಟ್ ಮಾಡಿಸಬೇಕು, ಲೆಕ್ಕ ಸಲ್ಲಿಸಬೇಕು. ನಾಲ್ಕೂವರೆ ಲಕ್ಷದ ಆದಾಯದಲ್ಲಿ ಆ ಖರ್ಚು ಯಾಕೆ?

ನಿಮಗೆ ಈಗ ಬೇಕಾಗಿರುವುದು ಉದ್ಯಮ್, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ. ಫಾರಂನಲ್ಲಿ ಎಂಎಸ್‌ಎಂಇ ನಂಬರ್ ಅಂತ ಕೇಳಿರುವುದು ಅದನ್ನೇ. 2020ರ ಜುಲೈ 1ರಿಂದ ಹಳೆಯ ಉದ್ಯೋಗ ಆಧಾರ್ ಹೋಗಿ ಇದು ಬಂದಿದೆ. ಆಧಾರ್, ಪ್ಯಾನ್, ಆಧಾರ್‌ಗೆ ಜೋಡಿಸಿದ ಮೊಬೈಲ್, ಬ್ಯಾಂಕ್ ಖಾತೆ ನಂಬರ್ ಇದ್ದರೆ ಸಾಕು. ಯಾವ ಕಾಗದವನ್ನೂ ಅಪ್‌ಲೋಡ್ ಮಾಡಬೇಕಿಲ್ಲ. ಫೀಸ್ ಇಲ್ಲ, ನವೀಕರಣವೂ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಅನ್ನುವ ಹಾಗೆ ಕಾಣುವ ಖಾಸಗಿ ಸೈಟುಗಳು ಮೇಲೆ ಬರುತ್ತವೆ. ಅವು ಹಣ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯಾ ಅಂತ ನೋಡಿಯೇ ಒಳಗೆ ಹೋಗಿ.

ಅರ್ಜಿಯಲ್ಲಿ ಒಂದು ಕಡೆ ಮಾತ್ರ ಜೋಪಾನ. ನಿಮ್ಮ ಕೆಲಸ ಯಾವ ಬಗೆಯದು ಅಂತ ಕೇಳುತ್ತದೆ. ಅಲ್ಲಿ ಸೇವೆ ಅನ್ನುವುದನ್ನೇ ಆರಿಸಿ. ಡಿಸೈನ್ ಕೆಲಸಗಳು 7410 ಗುಂಪಿನಲ್ಲಿ ಸಿಗುತ್ತವೆ. ಜೀನ್ಸ್ ಅಂತ ಹೇಳಿದ ತಕ್ಷಣ ಸೈಬರ್ ಅಂಗಡಿಯವರು ಬಟ್ಟೆ ವ್ಯಾಪಾರ ಅಂತ ಒತ್ತಿಬಿಡುತ್ತಾರೆ. ವ್ಯಾಪಾರಿ ಅಂತ ಆದರೆ ಸಾಲಕ್ಕೆ ಉಪಯೋಗ ಆಗಬಹುದು, ಆದರೆ ಬಾಕಿ ವಸೂಲಿಯ ರಕ್ಷಣೆ ಸಿಗುವುದಿಲ್ಲ. ನಿಮಗೆ ಮುಖ್ಯ ಆ ರಕ್ಷಣೆಯೇ.

ಏನದು ಅಂದರೆ, 2006ರ ಎಂಎಸ್‌ಎಂಇ ಕಾಯ್ದೆ. ನಿಮ್ಮಂಥ ಅತಿಸಣ್ಣ ಉದ್ಯಮದಿಂದ ಕೆಲಸ ತೆಗೆದುಕೊಂಡವರು ಬರವಣಿಗೆಯಲ್ಲಿ ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಮತ್ತು ಆ ಒಪ್ಪಂದ 45 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಕೊಡದಿದ್ದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಅದು ಇಂಥ ಬಾಕಿ ತಕರಾರು ತೀರ್ಮಾನಿಸುವ ರಾಜ್ಯದ ಸೌಲಭ್ಯ ಮಂಡಳಿಗೆ ಹೋಗುತ್ತದೆ.

ನನಗೆ ಇದು ಹೇಗೆ ಕೆಲಸಕ್ಕೆ ಬಂತು ಹೇಳುತ್ತೇನೆ. ಹೊರಗಿನ ಒಂದು ದೊಡ್ಡ ಅಕ್ಕಿ ಬ್ರ್ಯಾಂಡಿನವರು 5 ಕೆಜಿ, 10 ಕೆಜಿ, 26 ಕೆಜಿ ಮೂರೂ ಚೀಲದ ಡಿಸೈನ್ ಮಾಡಿಸಿಕೊಂಡರು. ಆಮೇಲೆ ತಿಂಗಳುಗಟ್ಟಲೆ "ಸಾಹುಕಾರ್ರು ಊರಲ್ಲಿಲ್ಲ" ಅನ್ನುವ ಒಂದೇ ಉತ್ತರ. ನಾನು ಬಿಲ್ಲಿನ ತಲೆಯಲ್ಲೇ ಉದ್ಯಮ್ ನಂಬರ್ ಹಾಕಿದ್ದೆ. 2024ರ ಮಾರ್ಚ್‌ನಲ್ಲಿ ಅವರ ಆಡಿಟರ್ ಅವರಾಗಿಯೇ ಫೋನ್ ಮಾಡಿದರು. "ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ, ಈ ವಾರ ಹಣ ಹಾಕಿಸ್ತೀನಿ" ಅಂದರು. ಹಾಕಿಸಿದರು ಕೂಡ. ಸಣ್ಣ ಉದ್ಯಮಗಳಿಗೆ ಸಕಾಲಕ್ಕೆ ಹಣ ಕೊಡದಿದ್ದರೆ ಆ ವರ್ಷ ಅದನ್ನು ಖರ್ಚು ಅಂತ ತೋರಿಸಲು ಆದಾಯ ತೆರಿಗೆಯಲ್ಲಿ ಬಿಡುವುದಿಲ್ಲ ಅನ್ನುವ ನಿಯಮ ಆ ವರ್ಷದಿಂದ ಬಂದಿತ್ತು. ನಮ್ಮಂಥವರು ಅಂಗಲಾಚಿ ಕೇಳಿದಾಗ ಬರದ ಹಣ ಒಂದು ನಂಬರಿನಿಂದ ಬಂತು. ನನಗೆ ಇಂದಿಗೂ ಅದು ದೊಡ್ಡ ವಿಷಯ.

ಇನ್ನೊಂದು ಗಮನಿಸಿ. ಕೆಲಸ ಒಪ್ಪಿಸುವ ಮುಂಚೆಯೇ ಉದ್ಯಮ್ ಆಗಿರಬೇಕು. ಹಣ ಸಿಕ್ಕಿಹಾಕಿಕೊಂಡ ಮೇಲೆ ನೋಂದಣಿ ಮಾಡಿಸಿ ಹಳೇ ಬಾಕಿಗೆ ಈ ಕಾಯ್ದೆ ಅನ್ವಯಿಸಿ ಅಂದರೆ ಆಗುವುದಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಬೆಂಗಳೂರಿನ ಮೊದಲ ಫೈಲ್ ಕಳಿಸುವ ಮುಂಚೆ ಇದನ್ನು ಮುಗಿಸಿಬಿಡಿ.

ಸಿರುಗುಪ್ಪದ ಅಣ್ಣ ಹೇಳಿದ್ದು ಸರಕು ಮಾರುವವರ ವಿಷಯ. ಮೆಣಸಿನಕಾಯಿ ಮೂಟೆ ಗಡಿ ದಾಟಿದಾಗ ನಿಯಮ ಬೇರೆ. ನಿಮ್ಮದು ಸೇವೆ. ಕರ್ನಾಟಕದಲ್ಲಿ ಸೇವೆಗೆ ವರ್ಷಕ್ಕೆ 20 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ಬೇರೆ ರಾಜ್ಯದವರಿಗೆ ಸೇವೆ ಕೊಟ್ಟರೂ ಅದೇ 20 ಲಕ್ಷದ ಮಿತಿ. 2017ರ ಅಕ್ಟೋಬರ್‌ನಲ್ಲೇ ಆ ವಿನಾಯಿತಿ ಕೊಟ್ಟಿದ್ದಾರೆ. ಬೆಂಗಳೂರಂತೂ ನಮ್ಮ ರಾಜ್ಯವೇ. ಫಾರಂನಲ್ಲಿ ಜಿಎಸ್‌ಟಿ ಜಾಗದಲ್ಲಿ "ನೋಂದಣಿ ಆಗಿಲ್ಲ, ವಹಿವಾಟು 20 ಲಕ್ಷದೊಳಗೆ" ಅಂತ ಬರೆದು ಸಹಿ ಮಾಡಿದ ಒಂದು ಪತ್ರ ಕೊಡಿ. ಬಹಳ ಕಂಪನಿಗಳು ಒಪ್ಪುತ್ತವೆ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಸೇರಿಸಿ ವಸೂಲಿ ಮಾಡುವುದು ಮಾತ್ರ ತಪ್ಪು.

ಬಿಲ್ ಹೇಗಿರಬೇಕು ಅಂದರೆ, ನಂಬರ್, ತಾರೀಖು, ನಿಮ್ಮ ಹೆಸರು, ವಿಳಾಸ, ಪ್ಯಾನ್, ಉದ್ಯಮ್ ನಂಬರ್, ಏನು ಕೆಲಸ, ಎಷ್ಟು ಹಣ, ಎಷ್ಟು ದಿನದಲ್ಲಿ ಕೊಡಬೇಕು. ಅದರ ಕೆಳಗೆ ಒಂದು ಸಾಲು ಮರೆಯಬೇಡಿ: "ಪೂರ್ತಿ ಹಣ ಬಂದ ಮೇಲೆಯೇ ಈ ಡಿಸೈನಿನ ಹಕ್ಕು ವರ್ಗಾವಣೆ." 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲೇ, ಸಹಿ ಹಾಕಿಯೇ ಆಗಬೇಕು. ಒಂದು ಲೇಬಲ್ಲಿಗೆ ಹಣ ಕೊಟ್ಟು ಅದನ್ನೇ ಬಣ್ಣ ಬದಲಿಸಿ ನಾಲ್ಕು ಬ್ರ್ಯಾಂಡಿಗೆ ಹಾಕಿಕೊಳ್ಳುವವರು ನಿಮ್ಮ ಜೀನ್ಸ್ ಲೋಕದಲ್ಲೂ ಇರುತ್ತಾರೆ, ಅಲ್ವಾ?

ಉತ್ತರ: ರಾಯಚೂರು ಲೆಕ್ಕ

ಗಂಗಾವತಿಯವರು ಹೇಳಿದ ಕ್ರಮ ಸರಿ ಇದೆ. ನಾನು ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್‌ನವರ, ಸಣ್ಣ ಅಂಗಡಿಯವರ ತೆರಿಗೆ ಲೆಕ್ಕ ನೋಡುತ್ತೇನೆ. ಕೆಲವು ಸೇರಿಸುತ್ತೇನೆ.

ಸಕಾಲಕ್ಕೆ ಹಣ ಕೊಡದಿದ್ದರೆ ಖರ್ಚು ತೋರಿಸಲಾಗದು ಅನ್ನುವ ನಿಯಮ ಪೂರ್ತಿ ಲೆಕ್ಕ ಬರೆಯುವ ದೊಡ್ಡವರಿಗೆ ಬಿಸಿ ಮುಟ್ಟಿಸುತ್ತದೆ. ಬಳ್ಳಾರಿಯ ಸಣ್ಣ ಯುನಿಟ್‌ನವರು ಅಂದಾಜು ಲಾಭದ ಮೇಲೆ ರಿಟರ್ನ್ ಹಾಕುತ್ತಿದ್ದರೆ ಅವರಿಗೆ ಅದು ತಟ್ಟುವುದಿಲ್ಲ. ಅಂಥವರ ಹತ್ತಿರ ಅರ್ಧ ಹಣ ಮುಂಗಡ ತೆಗೆದುಕೊಳ್ಳುವುದೇ ದಾರಿ. 45 ದಿನ, ಬಡ್ಡಿ, ಪೋರ್ಟಲ್ ದೂರು ಮಾತ್ರ ಎಲ್ಲರಿಗೂ ಅನ್ವಯಿಸುತ್ತದೆ.

ಬೆಂಗಳೂರಿನ ಕಂಪನಿ ನಿಮ್ಮ ಬಿಲ್ಲಿನಲ್ಲಿ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಆದಾಯ ತೆರಿಗೆಯ ಭಾಗ ಹಿಡಿಯುತ್ತದೆ. ಗಾಬರಿ ಆಗಬೇಡಿ. ವೃತ್ತಿಪರ ಸೇವೆ ಅಂತ ಲೆಕ್ಕ ಹಾಕಿದರೆ 10%, ವರ್ಷಕ್ಕೆ 50 ಸಾವಿರ ದಾಟಿದಾಗ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30 ಸಾವಿರ ಇತ್ತು. ಆ ಹಣ ನಿಮ್ಮ ಪ್ಯಾನ್ ಖಾತೆಯಲ್ಲಿ ಕಾಣುತ್ತದೆ, ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ. ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬರುವುದಿಲ್ಲ. "ತೆರಿಗೆ ಇಲ್ಲ ಅಂದ ಮೇಲೆ ರಿಟರ್ನ್ ಯಾಕೆ" ಅಂತ ಬಿಟ್ಟುಬಿಡುವವರು ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಹಾಗೆ ಬಿಟ್ಟರೆ ಹಿಡಿದ ಹಣವೂ ಹೋಗುತ್ತದೆ, ನಾಳೆ ಸಾಲಕ್ಕೆ ಹೋದಾಗ ತೋರಿಸಲು ಕಾಗದವೂ ಇರುವುದಿಲ್ಲ. ಪ್ರತಿ ವರ್ಷ ಹಾಕಿ.

ಅಂದಾಜು ಲಾಭದ ಪದ್ಧತಿ ನಿಮಗೂ ಇದೆ. ವಕೀಲರು, ವೈದ್ಯರು, ಎಂಜಿನಿಯರು ಮುಂತಾದ ಪಟ್ಟಿಯಲ್ಲಿರುವ ವೃತ್ತಿಗಳಿಗೆ ಬಂದ ಹಣದ ಅರ್ಧ ಲಾಭ ಅಂತ ಲೆಕ್ಕ. ವ್ಯಾಪಾರಕ್ಕೆ ಬ್ಯಾಂಕ್ ಮೂಲಕ ಬಂದದ್ದರ 6%, ನಗದಿನ 8%. ಲೇಬಲ್ ಡಿಸೈನ್ ಆ ವೃತ್ತಿಪಟ್ಟಿಯಲ್ಲಿ ಹೆಸರು ಹೇಳಿ ಇಲ್ಲ. ಹಾಗಾಗಿ ನಿಮ್ಮ ಕೆಲಸದ ಸ್ವರೂಪ ಒಬ್ಬ ತೆರಿಗೆ ಸಲಹೆಗಾರರಿಗೆ ತೋರಿಸಿ ತೀರ್ಮಾನಿಸಿ. ಆ 15 ಸಾವಿರದಲ್ಲಿ ಒಂದು ಸಣ್ಣ ಭಾಗ ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡಿ.

ಆತುರಕ್ಕೆ ಜಿಎಸ್‌ಟಿ ಮಾಡಿಸಿಕೊಂಡವರ ಪಾಡು ನಾನು ದಿನಾ ನೋಡುತ್ತೇನೆ. ನಂಬರ್ ಬಂದ ಮೇಲೆ ಒಂದು ರೂಪಾಯಿ ವ್ಯವಹಾರ ಇಲ್ಲದಿದ್ದರೂ ರಿಟರ್ನ್ ಹಾಕಲೇಬೇಕು. ಖಾಲಿ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ದಂಡ. ಜೊತೆಗೆ ಜಿಎಸ್‌ಟಿ ಪಡೆದವರು ರಾಜ್ಯಕ್ಕೆ ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ ಕಟ್ಟಬೇಕು, ಏಪ್ರಿಲ್ 30ರೊಳಗೆ. ನಿಮ್ಮ ಸೇವೆಗೆ 18% ಸೇರಿಸಬೇಕು. ಜಿಎಸ್‌ಟಿ ಇರುವ ಕಂಪನಿ ಅದನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುತ್ತದೆ. ಜಿಎಸ್‌ಟಿ ಇಲ್ಲದ ನಿಮ್ಮೂರ ಸಣ್ಣ ಯುನಿಟ್‌ನವರಿಗೆ ಅದು ಪೂರ್ತಿ ಹೊರೆ. ಅವರು ನಿಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋಗುತ್ತಾರೆ.

ದುಬೈ ಕೆಲಸದ ಹಣ ಬ್ಯಾಂಕ್ ಮೂಲಕ ವಿದೇಶಿ ಕರೆನ್ಸಿಯಲ್ಲೇ ತರಿಸಿ, ಅಲ್ಲಿರುವ ನೆಂಟರ ಕೈಯಲ್ಲಿ ಬೇಡ. ಬ್ಯಾಂಕಿನಿಂದ ಹಣ ಬಂದದ್ದಕ್ಕೆ ಪತ್ರ ತೆಗೆದಿಟ್ಟುಕೊಳ್ಳಿ. ಬರೀ ಸೇವೆಗೆ ಆಮದು-ರಫ್ತು ಕೋಡ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮುಂದೆ ಎಂದಾದರೂ ಜಿಎಸ್‌ಟಿ ಪಡೆದರೆ ಪ್ರತಿ ವರ್ಷ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಸಲ್ಲಿಸಿ, ಆಗ ವಿದೇಶದ ಬಿಲ್ಲಿಗೆ ತೆರಿಗೆ ಕಟ್ಟದೆ ಕಳಿಸಬಹುದು.

ಪ್ರಶ್ನೆ: ಕೌಲ್‌ಬಜಾರ್ ಲೇಬಲ್, ಬಳ್ಳಾರಿ

ಅಣ್ಣಾ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ಏಜೆಂಟ್‌ಗೆ ಬೇಡ ಅಂತ ಹೇಳಿದ್ದೇವೆ.

ಇನ್ನೆರಡು ಕೇಳಬೇಕು. ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ಕೇಳಿದರೆ "ಜಿಎಸ್‌ಟಿ ಸರ್ಟಿಫಿಕೇಟ್ ತನ್ನಿ" ಅಂತ ಒಂದೇ ಮಾತು. ಮನೆ ಕರೆಂಟ್ ಬಿಲ್ ಅಪ್ಪನ ಹೆಸರಲ್ಲಿದೆ, ಅದೂ ತೊಂದರೆಯಾ? ಮತ್ತೆ, ಮುಂದಿನ ವರ್ಷ ಒಂದು ಶಟರ್ ಬಾಡಿಗೆ ಹಿಡಿದು, ಒಂದು ಹೊಲಿಗೆ ಮಷಿನ್ ಹಾಕಿ, ಒಬ್ಬ ಟೈಲರ್ ಇಟ್ಟುಕೊಂಡು ಪ್ಯಾಚ್ ಸ್ಯಾಂಪಲ್ ಅಲ್ಲೇ ಹೊಲಿಸಿ ತೋರಿಸುವ ಆಸೆ ಇದೆ. ಆಗ ಲೈಸೆನ್ಸ್ ಬೇಕಾಗುತ್ತಾ?

ಉತ್ತರ: ರಾಯಚೂರು ಲೆಕ್ಕ

ಬ್ಯಾಂಕಿನ ವಿಷಯ ನಾನು ಹೇಳುತ್ತೇನೆ. ಪ್ರೊಪ್ರೈಟರ್ ಖಾತೆಗೆ ಉದ್ಯೋಗದ ಹೆಸರಿನ ಎರಡು ದಾಖಲೆ ಸಾಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಆ ಪಟ್ಟಿಯಲ್ಲಿ ಉದ್ಯಮ್ ಇದೆ, ಅಂಗಡಿ ಲೈಸೆನ್ಸ್ ಇದೆ, ಆದಾಯ ತೆರಿಗೆ ರಿಟರ್ನ್ ಇದೆ. ಜಿಎಸ್‌ಟಿಯೂ ಅದರಲ್ಲಿ ಒಂದು, ಅದೊಂದೇ ಅಲ್ಲ. ಎರಡು ಕೊಡಲು ಆಗದಿದ್ದರೆ ಸ್ಥಳಕ್ಕೆ ಬಂದು ನೋಡಿ ಒಂದರ ಮೇಲೆಯೇ ಖಾತೆ ತೆರೆಯುವ ಅಧಿಕಾರವೂ ಬ್ಯಾಂಕಿಗೆ ಇದೆ. ಕೌಂಟರಿನಲ್ಲಿ ವಾದ ಮಾಡಬೇಡಿ. ಉದ್ಯಮ್ ಮತ್ತು ಕಳೆದ ವರ್ಷದ ರಿಟರ್ನ್ ಹಿಡಿದು ಮ್ಯಾನೇಜರ್ ಹತ್ತಿರ ಹೋಗಿ. ಆಗದಿದ್ದರೆ ಬೇರೆ ಬ್ಯಾಂಕ್. ಕನಿಷ್ಠ ಎಷ್ಟು ಹಣ ಇಡಬೇಕು ಅಂತ ಮೊದಲೇ ಕೇಳಿಕೊಳ್ಳಿ.

ಅಪ್ಪನ ಹೆಸರಿನ ಬಿಲ್ ತೊಂದರೆ ಅಲ್ಲ. "ನನ್ನ ಮಗಳು ಈ ಮನೆಯಿಂದ ಕೆಲಸ ಮಾಡಲು ನನ್ನ ಒಪ್ಪಿಗೆ ಇದೆ" ಅಂತ ಅವರು ಸಹಿ ಮಾಡಿದ ಪತ್ರ ಜೊತೆಗೆ ಇರಲಿ. ಉದ್ಯಮ್‌ಗೆ ಅದೂ ಕೇಳುವುದಿಲ್ಲ.

ಮನೆ ಖರ್ಚಿನ ಹಣ, ಕೆಲಸದ ಹಣ ಒಂದೇ ಖಾತೆಯಲ್ಲಿ ಕಲಸಬೇಡಿ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು, ನೆನಪಿದೆಯಾ? ಕೈಸಾಲ, ಚೀಟಿ ಹಣ, ನೆಂಟರು ಹಾಕಿದ್ದು ಎಲ್ಲಾ ಒಂದೇ ಕ್ಯೂಆರ್‌ಗೆ ಬಂದಿದ್ದರೆ, ಯಾವುದು ವ್ಯಾಪಾರದ್ದು ಅಂತ ಬಿಡಿಸಿ ತೋರಿಸುವುದು ಬಹಳ ಕಷ್ಟ.

ಉತ್ತರ: ಸಿರುಗುಪ್ಪ ರೈತನ ಮಗ

ಸೇವೆ ಮತ್ತು ಸರಕಿಗೆ ವ್ಯತ್ಯಾಸ ಇದೆ ಅಂತ ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ. ನಮ್ಮ ತಂಗಿ ಮೆಹಂದಿ, ಮೇಕಪ್ ಕೆಲಸಕ್ಕೆ ಹೋಗುತ್ತಾಳೆ. ಅವಳೂ ಉದ್ಯಮ್ ಮಾಡಿಸಬಹುದಾ?

ಉತ್ತರ: ಗಂಗಾವತಿ ಚೀಲ

ಖಂಡಿತ ಮಾಡಿಸಬಹುದು ಅಣ್ಣ. ಅವರ ಆಧಾರ್, ಅವರ ಪ್ಯಾನ್ ಮೇಲೆಯೇ ಮಾಡಿಸಿ, ಮನೆಯ ಗಂಡಸರ ಹೆಸರಲ್ಲಿ ಬೇಡ. ದುಡಿಯುವವರು ಅವರು, ನಾಳೆ ಮುದ್ರಾ ಸಾಲ ಬೇಕಾದರೂ ಅವರ ಹೆಸರಲ್ಲೇ ಆಗಬೇಕು.

ತಂಗಿ, ಶಟರ್ ವಿಷಯಕ್ಕೆ ಬರುತ್ತೇನೆ. ಈಗ ಮನೆಯಲ್ಲಿ ಒಬ್ಬರೇ ಲ್ಯಾಪ್‌ಟಾಪ್ ಮುಂದೆ ಕೂತು ಮಾಡುವ ಕೆಲಸಕ್ಕೆ ಪಾಲಿಕೆಯವರು ಬಂದು ಕೇಳಿದ್ದು ನಾನು ಕಂಡಿಲ್ಲ. ಶಟರ್ ಎತ್ತಿ, ಬೋರ್ಡ್ ಹಾಕಿ, ಆಳು ಇಟ್ಟ ದಿನ ಲೆಕ್ಕ ಬದಲಾಗುತ್ತದೆ. ಪಾಲಿಕೆಯಿಂದ ಉದ್ದಿಮೆ ಪರವಾನಗಿ ಬೇಕು. ಬಾಡಿಗೆ ಕರಾರು, ಆ ಕಟ್ಟಡದ ಆಸ್ತಿ ತೆರಿಗೆ ರಸೀದಿ ಕೇಳುತ್ತಾರೆ. ಮಾಲೀಕರು ತೆರಿಗೆ ಬಾಕಿ ಇಟ್ಟಿದ್ದರೆ ನಿಮ್ಮ ಅರ್ಜಿ ಅಲ್ಲೇ ನಿಲ್ಲುತ್ತದೆ. ಅಡ್ವಾನ್ಸ್ ಕೊಡುವ ಮುಂಚೆ ಆ ರಸೀದಿ ಕಣ್ಣಾರೆ ನೋಡಿ.

ಎರಡನೆಯದು ಕಾರ್ಮಿಕ ಇಲಾಖೆ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಶುರು ಮಾಡಿದ 30 ದಿನದೊಳಗೆ ನೋಂದಣಿ. ಆನ್‌ಲೈನ್‌ನಲ್ಲೇ ಆಗುತ್ತದೆ. ಒಬ್ಬ ಟೈಲರ್ ಮಾತ್ರ ಇದ್ದಾಗ ಈಗಿನ ನಿಯಮ ಏನು ಅಂತ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡು ಅರ್ಜಿ ಹಾಕಿ. ಟೈಲರ್‌ಗೆ ಕೊಡುವ ಕೂಲಿ ಬ್ಯಾಂಕಿನಿಂದಲೇ ಹೋಗಲಿ. ಅವರಿಗೂ ಅದೊಂದು ದಾಖಲೆ ಆಗುತ್ತದೆ.

ಮೂರನೆಯದು ಯಾರೂ ಹೇಳುವುದಿಲ್ಲ. ವಿದ್ಯುತ್ ಮೀಟರ್. ಗೃಹಜ್ಯೋತಿ ಮನೆ ಮೀಟರಿಗೆ ಮಾತ್ರ. ಕೆಲವು ಮಾಲೀಕರು ಮನೆ ಮುಂದಿನ ಕೋಣೆಗೆ ಶಟರ್ ಹಾಕಿ, ಮನೆ ಮೀಟರಿನಿಂದಲೇ ವೈರ್ ಎಳೆದು ಬಾಡಿಗೆಗೆ ಕೊಡುತ್ತಾರೆ. ವಿದ್ಯುತ್ ಕಂಪನಿ ಜೆಸ್ಕಾಂನವರು ಬಂದು ನೋಡಿದ ದಿನ ದಂಡ ಯಾರು ಕಟ್ಟಬೇಕು ಅನ್ನುವ ಜಗಳ ಶುರುವಾಗುತ್ತದೆ. ಅಂಗಡಿಗೆ ಬೇರೆ ಮೀಟರ್ ಇದೆಯಾ, ಅದು ವಾಣಿಜ್ಯ ದರದ್ದಾ ಅಂತ ಕೇಳಿ, ಕರಾರಿನಲ್ಲಿ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಸಮೇತ ಬರೆಸಿಕೊಳ್ಳಿ.

ಶಟರ್ ಆದ ಮೇಲೆ ಸ್ಯಾಂಪಲ್ ಜೊತೆಗೆ ಪ್ಯಾಚ್ ಹೊಲಿದು ಸಾವಿರಗಟ್ಟಲೆ ಮಾರಲು ಶುರು ಮಾಡಿದರೆ ಉದ್ಯಮ್‌ನಲ್ಲಿ ತಯಾರಿಕೆಯನ್ನೂ ಸೇರಿಸಿ. ಹೊಸದಾಗಿ ಮಾಡಿಸಬಾರದು, ಒಬ್ಬರಿಗೆ ಒಂದೇ ನಂಬರ್. ಅದೇ ಪೋರ್ಟಲ್‌ನಲ್ಲಿ ತಿದ್ದುಪಡಿ ಮಾಡಬಹುದು. ಆ ಹೊತ್ತಿಗೆ ಸರಕು ಬೇರೆ ರಾಜ್ಯಕ್ಕೆ ಹೋಗುತ್ತಿದ್ದರೆ ಸಿರುಗುಪ್ಪದ ಅಣ್ಣ ಹೇಳಿದ ಜಿಎಸ್‌ಟಿ ನಿಮಗೂ ಬರುತ್ತದೆ. ಆಗ ರಾಯಚೂರಿನ ಸರ್ ಅವರನ್ನು ಇನ್ನೊಮ್ಮೆ ಕೇಳೋಣ.